ಕದಡಿದ ನೀರು ತಿಳಿಯಾಗುವ ಬಗೆ: ಬೆಳಕಿನ ನೆರವಿನಿಂದ ಕಣಗಾತ್ರದ ಬದಲಾವಣೆಯನ್ನು ಗುರುತಿಸುವುದು

ಮುಂಗಾರು ಬಿರುಸಾದ ಕೆಲವೇ ದಿನಗಳಲ್ಲಿ ಹರಿಹರದ ಬಳಿ ತುಂಗಭದ್ರಾ ನದಿಯ ನೀರು ಕೆಂಪಾಗುತ್ತದೆ. ಕೂಡಲಿಯಲ್ಲಿ ಸಂಗಮಿಸಿದ ತುಂಗೆ ಮತ್ತು ಭದ್ರೆಯರು ಮಲೆನಾಡಿನ ಮಣ್ಣನ್ನು ಹೊತ್ತು ಹೊನ್ನಾಳಿಯ ಮಾರ್ಗವಾಗಿ ಇಲ್ಲಿಗೆ ತಲುಪಿಸುತ್ತಾರೆ. ಈ ನೀರನ್ನು ಪಂಪ್‌ಸೆಟ್‌ನಿಂದ ಎತ್ತಿ ಅಡಿಕೆ, ತೆಂಗು ಮತ್ತು ಬಾಳೆ ತೋಟಗಳಿಗೆ ಹನಿ ನೀರಾವರಿಯ ಮೂಲಕ ಒದಗಿಸುವ ರೈತರಿಗೆ ಎದುರಾಗುವ ತೊಂದರೆ ಒಂದೇ ಬಗೆಯದು: ಫಿಲ್ಟರನ್ನು ತಪ್ಪದೆ ತೊಳೆದರೂ ಡ್ರಿಪ್ಪರ್‌ಗಳು ಕಟ್ಟಿಕೊಳ್ಳುತ್ತವೆ. ದಾವಣಗೆರೆ ಮತ್ತು ಹರಿಹರ ತಾಲ್ಲೂಕುಗಳಲ್ಲಿ ಭದ್ರಾ ನಾಲೆಯ ಕೊನೆಯ ಭಾಗದ ಎರೆ ಭೂಮಿಗಳಲ್ಲಿ ತೊಂದರೆ ಬೇರೆ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ. ಕೆಲವು ಗದ್ದೆಗಳಲ್ಲಿ ಕೆಸರು ಮಾಡಿ ದಿನಗಳು ಕಳೆದರೂ ನಿಂತ ನೀರು ತಿಳಿಯಾಗುವುದಿಲ್ಲ. ನೀರು ಇಂಗಿದ ಮೇಲೆ ಮೇಲ್ಮಣ್ಣು ಹೆಪ್ಪುಗಟ್ಟಿ ಬಿರುಕು ಬಿಡುತ್ತದೆ, ಪೈರು ತೇಪೆ ತೇಪೆಯಾಗಿ ಸೊರಗುತ್ತದೆ.

ಮೇಲ್ನೋಟಕ್ಕೆ ಸಂಬಂಧವಿಲ್ಲದಂತೆ ಕಾಣುವ ಈ ಎರಡು ತೊಂದರೆಗಳ ಮೂಲ ಒಂದೇ. ನೀರಿನಲ್ಲಿರುವ ಜೇಡಿ ಕಣಗಳ ಗಾತ್ರ ಸ್ಥಿರವಾದುದಲ್ಲ. ನೀರಿನಲ್ಲಿ ಕರಗಿರುವ ಲವಣಗಳಿಗೆ ಅನುಗುಣವಾಗಿ ಕಣಗಳು ಗಂಟೆಗಳ ಅವಧಿಯಲ್ಲಿ ಒಂದಕ್ಕೊಂದು ಕೂಡಿ ದೊಡ್ಡದಾಗುತ್ತವೆ, ಇಲ್ಲವೇ ಬಿಡಿಬಿಡಿಯಾಗಿ ತೇಲುತ್ತವೆ. ಈ ಬದಲಾವಣೆಯನ್ನು ಬೆಳಕಿನ ಸಹಾಯದಿಂದ ಕಣ್ಣಾರೆ ಕಾಣಬಹುದು. ಪ್ರಯೋಗಾಲಯದಲ್ಲಿ ಇದಕ್ಕೆ ಬೆಲೆಬಾಳುವ ಉಪಕರಣಗಳಿವೆ. ಹೊಲದ ಮಟ್ಟದಲ್ಲಿ ನಿರ್ಧಾರ ಕೈಗೊಳ್ಳಲು ಒಂದು ಗಾಜಿನ ಬಾಟಲಿ, ಮೊಬೈಲ್ ಟಾರ್ಚ್ ಮತ್ತು ಗಡಿಯಾರ ಸಾಕಾಗುತ್ತವೆ.

ಕಣದ ಗಾತ್ರ ಮತ್ತು ತಳ ಸೇರುವ ಸಮಯ

ನಿಂತ ನೀರಿನಲ್ಲಿ ಮಣ್ಣಿನ ಕಣವೊಂದು ಕೆಳಗಿಳಿಯುವ ವೇಗವು ಅದರ ವ್ಯಾಸದ ವರ್ಗವನ್ನು ಅವಲಂಬಿಸಿದೆ. ಅಂದರೆ ವ್ಯಾಸ ಹತ್ತು ಪಟ್ಟು ಕಡಿಮೆಯಾದರೆ ವೇಗ ನೂರು ಪಟ್ಟು ಕಡಿಮೆಯಾಗುತ್ತದೆ. ನೀರಿನ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್ ಇದ್ದಾಗ 0.05 ಮಿ.ಮೀ. ವ್ಯಾಸದ ನುಣುಪು ಮರಳಿನ ಕಣ 10 ಸೆಂ.ಮೀ. ಇಳಿಯಲು ಮುಕ್ಕಾಲು ನಿಮಿಷ ಸಾಕು. 0.02 ಮಿ.ಮೀ.ನ ರೇವೆ ಕಣಕ್ಕೆ ಸುಮಾರು ನಾಲ್ಕೂವರೆ ನಿಮಿಷ ಬೇಕು. ಜೇಡಿಯ ಮೇಲ್ಮಿತಿಯಾದ 0.002 ಮಿ.ಮೀ.ನ ಕಣಕ್ಕೆ ಹೆಚ್ಚುಕಡಿಮೆ ಎಂಟು ಗಂಟೆ ಹಿಡಿಯುತ್ತದೆ. ಅದಕ್ಕಿಂತ ಹತ್ತು ಪಟ್ಟು ಸಣ್ಣದಾದ ಕಣಕ್ಕೆ ಒಂದು ತಿಂಗಳು. ಬೇಸಿಗೆಯ ಬೆಚ್ಚನೆಯ ನೀರಿನಲ್ಲಿ ಈ ಅವಧಿ ಸುಮಾರು ಐದನೆಯ ಒಂದು ಭಾಗದಷ್ಟು ಕಡಿಮೆಯಾಗಬಹುದು, ಅಷ್ಟೇ.

ಈ ಲೆಕ್ಕವನ್ನು ತಮ್ಮ ಕೃಷಿ ಹೊಂಡಕ್ಕೆ ಅನ್ವಯಿಸಿ ನೋಡಿ. ಒಂದೂವರೆ ಮೀಟರ್ ಆಳದ ನೀರಿನಲ್ಲಿ 0.002 ಮಿ.ಮೀ.ನ ಕಣ ಮೇಲಿನಿಂದ ತಳ ಸೇರಲು ಸುಮಾರು ಐದು ದಿನಗಳು ಬೇಕು, ಅದೂ ಗಾಳಿಯಿಂದಾಗಲೀ ಪಂಪಿನಿಂದಾಗಲೀ ನೀರು ಅಲುಗಾಡದಿದ್ದರೆ. ಹೊಂಡದಲ್ಲಿ ಒಂದು ರಾತ್ರಿ ನಿಲ್ಲಿಸಿದ ನೀರಿನಿಂದ ಮರಳು ಮತ್ತು ರೇವೆ ಹೊರಟುಹೋಗುತ್ತವೆಯೇ ಹೊರತು ಜೇಡಿ ಹೋಗುವುದಿಲ್ಲ. ಜೇಡಿ ಬೇಗ ತಳ ಸೇರಬೇಕಾದರೆ ಕಣಗಳು ಪರಸ್ಪರ ಕೂಡಿ ಗುಚ್ಛಗಳಾಗಬೇಕು.

ಕಣಗಳು ಕೂಡುವುದು, ಬಿಡುವುದು

ಜೇಡಿ ಕಣದ ಮೇಲ್ಮೈ ಋಣ ವಿದ್ಯುದಂಶವನ್ನು ಹೊಂದಿರುತ್ತದೆ. ಒಂದೇ ಬಗೆಯ ವಿದ್ಯುದಂಶವುಳ್ಳ ಕಣಗಳು ಪರಸ್ಪರ ದೂರ ಸರಿಯುತ್ತವೆ. ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಅಥವಾ ಅಲ್ಯೂಮಿನಿಯಂನಂತಹ ಧನ ಅಯಾನುಗಳಿದ್ದರೆ ಅವು ಕಣದ ಸುತ್ತ ದಟ್ಟವಾಗಿ ಸೇರಿ ವಿಕರ್ಷಣೆಯನ್ನು ಕುಗ್ಗಿಸುತ್ತವೆ. ಆಗ ಡಿಕ್ಕಿ ಹೊಡೆದ ಕಣಗಳು ಅಂಟಿಕೊಳ್ಳುತ್ತವೆ. ಸೋಡಿಯಂ ಅಯಾನಿಗೆ ಈ ಸಾಮರ್ಥ್ಯ ಬಹಳ ಕಡಿಮೆ. ಒಂದೇ ಪರಿಣಾಮ ಪಡೆಯಲು ಕ್ಯಾಲ್ಸಿಯಂಗಿಂತ ಹತ್ತಾರು ಪಟ್ಟು ಹೆಚ್ಚು ಸೋಡಿಯಂ ಬೇಕಾಗುತ್ತದೆ. ಮಣ್ಣಿನಲ್ಲಿ ಜೇಡಿಯ ಮೇಲೆ ಸೋಡಿಯಂ ಹೆಚ್ಚಾಗಿ ಕುಳಿತಿದ್ದು ನೀರಿನಲ್ಲಿ ಲವಣ ಕಡಿಮೆಯಿದ್ದರೆ ಜೇಡಿ ತಾನಾಗಿಯೇ ಚದುರಿ ತೇಲತೊಡಗುತ್ತದೆ.

ಪಶ್ಚಿಮ ಘಟ್ಟಗಳ ಮಳೆನೀರಿನಿಂದ ತುಂಬುವ ತುಂಗಭದ್ರೆಯ ನೀರಿನಲ್ಲಿ ಕರಗಿದ ಲವಣಾಂಶ ಕಡಿಮೆ. ನೀರಾವರಿಗೆ ಇದು ಉತ್ತಮ ಗುಣವೇ ಆದರೂ ಜೇಡಿ ದೀರ್ಘಕಾಲ ತೇಲುವುದಕ್ಕೂ ಇದೇ ಕಾರಣ. ಹರಿಹರ ತಾಲ್ಲೂಕಿನ ರಾಜನಹಳ್ಳಿಯ ಬಳಿ ಎತ್ತುವ ನದಿ ನೀರನ್ನು ದಾವಣಗೆರೆ ನಗರಕ್ಕೆ ಕುಡಿಯಲು ಒದಗಿಸಲಾಗುತ್ತದೆ. ಇಂತಹ ನದಿ ನೀರನ್ನು ಶುದ್ಧೀಕರಿಸುವಾಗ ಪಟಿಕ, ಅಂದರೆ ಆಲಂ, ಬೆರೆಸಿ ಮೊದಲು ವೇಗವಾಗಿ, ಬಳಿಕ ನಿಧಾನವಾಗಿ ಕಲಕುವುದು ಈ ಕಾರಣಕ್ಕಾಗಿಯೇ. ನಿಧಾನವಾಗಿ ಕಲಕಿದಾಗ ಡಿಕ್ಕಿಗಳು ಹೆಚ್ಚುತ್ತವೆ, ಆದರೆ ಕೂಡಿದ ಗುಚ್ಛ ಒಡೆಯುವುದಿಲ್ಲ. ನಮ್ಮ ಹಿರಿಯರು ನುಗ್ಗೆ ಬೀಜದ ಪುಡಿಯಿಂದ ಕೊಡದ ನೀರನ್ನು ತಿಳಿಗೊಳಿಸುತ್ತಿದ್ದುದರ ಹಿಂದೆ ಇರುವುದೂ ಇದೇ ತತ್ತ್ವ. ಅಲ್ಲಿ ಬೀಜದ ಪ್ರೋಟೀನು ಆಲಂನ ಕೆಲಸ ಮಾಡುತ್ತದೆ.

ಇಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಕಣಗಳ ಸಂಖ್ಯೆ ಅರ್ಧಕ್ಕಿಳಿದರೆ ಅವುಗಳ ನಡುವಿನ ಡಿಕ್ಕಿಗಳು ಕಾಲು ಭಾಗಕ್ಕಿಳಿಯುತ್ತವೆ. ಆದ್ದರಿಂದ ದಟ್ಟವಾದ ಕೆಂಪು ನೀರು ಆರಂಭದಲ್ಲಿ ಬೇಗ ತಿಳಿಯಾಗುತ್ತದೆ. ಉಳಿದ ತೆಳು ಮಸುಕು ಮಾತ್ರ ಹಠ ಹಿಡಿದಂತೆ ಉಳಿದುಬಿಡುತ್ತದೆ. ಹನಿ ನೀರಾವರಿಗೆ ತೊಂದರೆ ಕೊಡುವುದು ಬಹುಮಟ್ಟಿಗೆ ಈ ತೆಳು ಮಸುಕೇ.

ಬೆಳಕು ತಿಳಿಸುವುದೇನು

ಕಿಟಕಿಯ ಸಂದಿಯಿಂದ ಬಂದ ಬಿಸಿಲಿನ ಕೋಲಿನಲ್ಲಿ ಧೂಳು ಹೊಳೆಯುವುದನ್ನು ಎಲ್ಲರೂ ಕಂಡಿರುತ್ತಾರೆ. ಕಣಕ್ಕೆ ತಗುಲಿದ ಬೆಳಕು ಎಲ್ಲ ದಿಕ್ಕುಗಳಿಗೂ ಚದುರುವುದರಿಂದ ಹೀಗಾಗುತ್ತದೆ. ನೀರಿನ ಕದಡನ್ನು ಅಳೆಯುವ ನೆಫೆಲೋಮೀಟರ್ ಉಪಕರಣವೂ ಇದನ್ನೇ ಮಾಡುತ್ತದೆ: ಮಾದರಿಯೊಳಗೆ ಬೆಳಕಿನ ಕಿರಣ ಹಾಯಿಸಿ, ಅದಕ್ಕೆ 90 ಡಿಗ್ರಿ ಕೋನದಲ್ಲಿ ಚದುರಿ ಬಂದ ಬೆಳಕನ್ನು ಅಳೆದು ಎನ್‌ಟಿಯು ಎಂಬ ಮಾನದಲ್ಲಿ ತಿಳಿಸುತ್ತದೆ. ಕುಡಿಯುವ ನೀರಿಗೆ ಭಾರತೀಯ ಮಾನಕದ ಪ್ರಕಾರ ಇದು 1 ಎನ್‌ಟಿಯು ಮೀರಬಾರದು. ಬೇರೆ ನೀರಿನ ಮೂಲವಿಲ್ಲದಿದ್ದಾಗ 5ರವರೆಗೆ ಅವಕಾಶವಿದೆ.

ಕರ್ನಾಟಕಕ್ಕೂ ಈ ವಿಷಯಕ್ಕೂ ಹಳೆಯ ನಂಟಿದೆ. ಬೆಳಕಿನ ಚದುರುವಿಕೆಯ ಸಂಶೋಧನೆಗೆ 1930ರಲ್ಲಿ ನೊಬೆಲ್ ಪಡೆದ ಸರ್ ಸಿ. ವಿ. ರಾಮನ್ ಅವರು 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಅಲ್ಲಿ ಅವರ ಶಿಷ್ಯರಾದ ಆರ್. ಎಸ್. ಕೃಷ್ಣನ್ ಅವರು ದ್ರವದಲ್ಲಿ ತೇಲುವ ಸೂಕ್ಷ್ಮ ಕಣಗುಚ್ಛಗಳಿಂದ ಚದುರಿದ ಬೆಳಕನ್ನು ಅಭ್ಯಸಿಸಿ, ಗುಚ್ಛಗಳು ಬೆಳಕಿನ ತರಂಗಾಂತರಕ್ಕೆ ಸಮೀಪದ ಗಾತ್ರದವಾದಾಗ ಕಾಣುವ ಒಂದು ಲಕ್ಷಣವನ್ನು ಗುರುತಿಸಿದರು. ಅದು ಇಂದಿಗೂ ಕೃಷ್ಣನ್ ಪರಿಣಾಮವೆಂದೇ ಹೆಸರಾಗಿದೆ.

ಚದುರುವ ಬೆಳಕಿಗೂ ಕಣದ ಗಾತ್ರಕ್ಕೂ ಇರುವ ಸಂಬಂಧ ನೇರವಾದುದಲ್ಲ, ಇದನ್ನು ವಿಸ್ತರಣಾ ಕಾರ್ಯಕರ್ತರು ವಿಶೇಷವಾಗಿ ಮನಗಾಣಬೇಕು. ಬೆಳಕಿನ ತರಂಗಾಂತರಕ್ಕಿಂತ ಬಹಳ ಸಣ್ಣದಾದ ಕಣದ ವ್ಯಾಸ ಹತ್ತು ಪಟ್ಟು ಹೆಚ್ಚಿದರೆ ಅದು ಚದುರಿಸುವ ಬೆಳಕು ಹತ್ತು ಲಕ್ಷ ಪಟ್ಟು ಹೆಚ್ಚುತ್ತದೆ. ಕಣವು ತರಂಗಾಂತರವನ್ನು ಮೀರಿ ಬೆಳೆದ ಬಳಿಕ ಸ್ಥಿತಿ ತಿರುಗುಮುರುಗಾಗುತ್ತದೆ: ಅಷ್ಟೇ ತೂಕದ ಮಣ್ಣು ಕೆಲವೇ ದೊಡ್ಡ ಗುಚ್ಛಗಳಲ್ಲಿ ಅಡಗುವುದರಿಂದ ಒಟ್ಟು ಚದುರುವಿಕೆ ಇಳಿಯುತ್ತದೆ. ಹೀಗಾಗಿ ಅತಿ ಸೂಕ್ಷ್ಮ ಕಣಗಳು ಕೂಡಲಾರಂಭಿಸಿದಾಗ ನೀರು ಮೊದಲು ಇನ್ನಷ್ಟು ಮಬ್ಬಾಗಿ, ನಂತರ ತಿಳಿಯಾಗುವುದುಂಟು. ಮೊದಲ ಹತ್ತು ನಿಮಿಷದ ಮಬ್ಬನ್ನು ಕಂಡು ಆಲಂ ಕೆಲಸ ಮಾಡಲಿಲ್ಲವೆಂದು ಇನ್ನಷ್ಟು ಸುರಿಯುವುದು ಸರಿಯಲ್ಲ. ಒಂದೇ ಎನ್‌ಟಿಯು ಇರುವ ಎರಡು ಮಾದರಿಗಳಲ್ಲಿ ಒಂದೇ ಪ್ರಮಾಣದ ಮಣ್ಣಿದೆಯೆಂದೂ ಭಾವಿಸಬಾರದು. ಒಂದು ಅಳತೆಗಿಂತ, ಒಂದೇ ಮಾದರಿಯ ಅಳತೆ ಹೊತ್ತು ಕಳೆದಂತೆ ಹೇಗೆ ಬದಲಾಯಿತೆಂಬುದು ಹೆಚ್ಚು ತಿಳಿಸುತ್ತದೆ.

ಇನ್ನೂ ಸೂಕ್ಷ್ಮವಾದ ವಿಧಾನವೊಂದರಲ್ಲಿ ಚದುರಿದ ಲೇಸರ್ ಬೆಳಕಿನ ಮಿನುಗನ್ನೇ ಅಳೆಯುತ್ತಾರೆ. ನೀರಿನ ಅಣುಗಳ ತಳ್ಳಾಟದಿಂದ ಸಣ್ಣ ಕಣ ಚುರುಕಾಗಿಯೂ ದೊಡ್ಡ ಕಣ ಮಂದವಾಗಿಯೂ ಅಲುಗುತ್ತದೆ. ಮಿನುಗಿನ ವೇಗದಿಂದ ಗಾತ್ರವನ್ನು ಲೆಕ್ಕ ಹಾಕಬಹುದು. ಕೆಲವೇ ನಿಮಿಷಗಳಿಗೊಮ್ಮೆ ಅಳೆಯುತ್ತ ಹೋದರೆ ಕಣಗಳು ಬೆಳೆಯುವ ಪರಿ ಗೆರೆ ಎಳೆದಂತೆ ಕಾಣುತ್ತದೆ. ನ್ಯಾನೋ ಗೊಬ್ಬರಗಳ ಕಣಗಾತ್ರ ಪರೀಕ್ಷೆಗೆ ಇದು ಉಪಯುಕ್ತ. ನದಿಯ ಕೆಸರು ನೀರನ್ನು ನೇರವಾಗಿ ಇದರಲ್ಲಿಟ್ಟರೆ ಪ್ರಯೋಜನವಿಲ್ಲ. ಬೆರಳೆಣಿಕೆಯ ದೊಡ್ಡ ಕಣಗಳ ಹೊಳಪು ಲಕ್ಷಾಂತರ ಸಣ್ಣ ಕಣಗಳನ್ನು ಮರೆಮಾಡಿಬಿಡುತ್ತದೆ.

ಬಾಟಲಿ ಮತ್ತು ಟಾರ್ಚ್ ಪರೀಕ್ಷೆ

ಬಣ್ಣವಿಲ್ಲದ, ಗೀರುಗಳಿಲ್ಲದ ಒಂದು ಲೀಟರಿನ ಬಾಟಲಿಗಳನ್ನು ಶುದ್ಧ ಕುಡಿಯುವ ನೀರಿನ ಘಟಕದ ನೀರಿನಿಂದ ತೊಳೆದುಕೊಳ್ಳಿ. ಒಂದರಲ್ಲಿ ಹೋಲಿಕೆಗಾಗಿ ಅದೇ ಘಟಕದ ನೀರು, ಉಳಿದವುಗಳಲ್ಲಿ ಪರೀಕ್ಷಿಸಬೇಕಾದ ನೀರು ತುಂಬಿ. ದಪ್ಪ ರಟ್ಟಿನಲ್ಲಿ ಪೆನ್ಸಿಲ್ ಗಾತ್ರದ ತೂತು ಮಾಡಿ ಮೊಬೈಲ್ ಟಾರ್ಚಿನ ಮುಂದಿರಿಸಿ, ಕತ್ತಲೆ ಕೋಣೆಯಲ್ಲಿ ಬಾಟಲಿಯ ಒಂದು ಬದಿಯಿಂದ ಬೆಳಕು ಹಾಯಿಸಿ, ಅದಕ್ಕೆ ಅಡ್ಡಲಾಗಿ ನಿಂತು ನೋಡಿ. ಹಿನ್ನೆಲೆಗೆ ಕಪ್ಪು ಬಟ್ಟೆಯಿರಲಿ. ಆಟದ ಲೇಸರ್ ದೀಪವನ್ನು ಬಳಸಬೇಡಿ, ಕಣ್ಣಿಗೆ ಅಪಾಯ. ಆರಂಭದಲ್ಲಿ, 10 ನಿಮಿಷಕ್ಕೆ, 2 ಗಂಟೆಗೆ ಮತ್ತು 20 ಗಂಟೆಗೆ ಅದೇ ದೂರದಿಂದ ಇನ್ನೊಂದು ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳಿ. ನಡುವೆ ಬಾಟಲಿಯನ್ನು ಅಲುಗಾಡಿಸಬಾರದು.

ಬೆಳಕಿನ ಹಾದಿ ಒಂದೇ ಸಮನಾದ ಮಂಜಿನಂತೆ ಕಂಡು 20 ಗಂಟೆಯ ನಂತರವೂ ಹಾಗೆಯೇ ಇದ್ದರೆ ಕಣಗಳು ಬಿಡಿಯಾಗಿವೆ. ಹಾದಿಯಲ್ಲಿ ಬಿಡಿ ಬಿಡಿ ಚುಕ್ಕೆಗಳು ಹೊಳೆಯುತ್ತ ಕೆಳಗಿಳಿಯುತ್ತಿದ್ದು ನಡುವಿನ ನೀರು ಕಪ್ಪಾಗಿ ಕಂಡರೆ ಕಣಗಳು ಕೂಡುತ್ತಿವೆ. ಅತಿ ಸೂಕ್ಷ್ಮ ಕಣಗಳಿಗೆ ತಕ್ಕ ತೆಳು ನೀಲಿ ಛಾಯೆ ನಮ್ಮ ನದಿ ನೀರಿನಲ್ಲಿ ಸುಲಭವಾಗಿ ಕಾಣದು, ಕೆಮ್ಮಣ್ಣಿನ ಕಬ್ಬಿಣದ ಬಣ್ಣ ಅದನ್ನು ಮುಚ್ಚುತ್ತದೆ. ಅದನ್ನು ಕಾಣಬಯಸುವವರು ಒಂದು ಲೋಟ ನೀರಿಗೆ ಎರಡು ಹನಿ ಹಾಲು ಬೆರೆಸಿ ನೋಡಬಹುದು.

ಹನಿ ನೀರಾವರಿಯಲ್ಲಿ ಇದರ ಬಳಕೆ

120 ಮೆಷ್ ಜಾಲರಿ ಸುಮಾರು 0.13 ಮಿ.ಮೀ.ಗಿಂತ ದೊಡ್ಡ ಕಣಗಳನ್ನಷ್ಟೇ ತಡೆಯುತ್ತದೆ. ಜೇಡಿ ಕಣ ಅದಕ್ಕಿಂತ ಅರವತ್ತು ಪಟ್ಟಿಗೂ ಹೆಚ್ಚು ಸಣ್ಣದು, ನಿರಾತಂಕವಾಗಿ ದಾಟಿಹೋಗುತ್ತದೆ. ಅದು ಬಿಡಿಯಾಗಿಯೇ ಉಳಿದರೆ ಡ್ರಿಪ್ಪರನ್ನೂ ದಾಟಿ ಗಿಡದ ಬುಡ ಸೇರುತ್ತದೆ, ತೊಂದರೆಯಿಲ್ಲ. ತೊಂದರೆ ಆರಂಭವಾಗುವುದು ಫಿಲ್ಟರಿನ ಆಚೆ. ರಸಾವರಿಯಲ್ಲಿ ಪೊಟ್ಯಾಷ್ ಅಥವಾ ಕ್ಯಾಲ್ಸಿಯಂ ನೈಟ್ರೇಟ್ ಬೆರೆಸಿದಾಗ ನೀರಿನ ಲವಣಾಂಶ ಏರುತ್ತದೆ, ಕಣಗಳು ಪೈಪಿನೊಳಗೇ ಕೂಡತೊಡಗುತ್ತವೆ. ಪಂಪ್ ನಿಂತ ಮೇಲೆ ಲ್ಯಾಟರಲ್‌ಗಳಲ್ಲಿ ಉಳಿದ ನೀರಿಗೆ ಇಡೀ ರಾತ್ರಿ ಕಾಲಾವಕಾಶ ಸಿಗುತ್ತದೆ. ಪಾಚಿ ಮತ್ತು ಬ್ಯಾಕ್ಟೀರಿಯಾಗಳ ಲೋಳೆ ಅದನ್ನು ಗಟ್ಟಿಯಾಗಿ ಹಿಡಿದಿಡುತ್ತದೆ. ಮಳೆಗಾಲದಲ್ಲಿ ಸೇರಿದ ಈ ಕೆಸರಿನ ಪರಿಣಾಮ ಅರಿವಿಗೆ ಬರುವುದು ಮಾರ್ಚ್–ಏಪ್ರಿಲ್‌ನಲ್ಲಿ, ಅಡಿಕೆಗೆ ನೀರು ಅತ್ಯಗತ್ಯವಾದ ಹೊತ್ತಿನಲ್ಲಿ, ಸಾಲಿನ ಕೊನೆಯ ಗಿಡಗಳು ಬಾಡಿದಾಗ.

ಆದ್ದರಿಂದ ಫಿಲ್ಟರ್ ದಾಟಿ ಬಂದ ನೀರನ್ನು ಎರಡು ಬಾಟಲಿಗಳಲ್ಲಿ ಹಿಡಿದು, ಒಂದಕ್ಕೆ ತಾವು ಕೊಡುವ ಪ್ರಮಾಣದಲ್ಲೇ ಗೊಬ್ಬರ ಬೆರೆಸಿ ರಾತ್ರಿಯಿಡೀ ಬಿಡಿ. ಗೊಬ್ಬರದ ಬಾಟಲಿಯ ತಳದಲ್ಲಿ ಮಾತ್ರ ಕೆಸರು ನಿಂತರೆ, ಅಂತಹ ದಿನಗಳಲ್ಲಿ ರಸಾವರಿ ಮಾಡದಿರುವುದು ಲೇಸು. ಅನಿವಾರ್ಯವಾದರೆ ಗೊಬ್ಬರದ ನಂತರ ಸಾಕಷ್ಟು ಹೊತ್ತು ಬರಿ ನೀರು ಹರಿಸಿ ಲ್ಯಾಟರಲ್‌ಗಳನ್ನು ಖಾಲಿ ಮಾಡಬೇಕು. ಕೊನೆಯ ಮುಚ್ಚಳಗಳನ್ನು ಒಮ್ಮೆಗೆ ಕೆಲವನ್ನಷ್ಟೇ ತೆರೆದು ತೊಳೆಯಿರಿ. ಎಲ್ಲವನ್ನೂ ಒಟ್ಟಿಗೆ ತೆರೆದರೆ ಕೆಸರನ್ನು ಕೊಚ್ಚಲು ಬೇಕಾದ ಸೆಕೆಂಡಿಗೆ 30 ಸೆಂ.ಮೀ. ವೇಗ ಸಿಗುವುದಿಲ್ಲ. ತೇಲುವ ಘನಾಂಶ ಲೀಟರಿಗೆ 50 ಮಿ.ಗ್ರಾಂ.ಗಿಂತ ಕಡಿಮೆಯಿದ್ದರೆ ಕಟ್ಟಿಕೊಳ್ಳುವ ಸಂಭವ ಕಡಿಮೆ, 100 ಮೀರಿದರೆ ತೀವ್ರ ಎಂಬುದು ಸಾಮಾನ್ಯವಾಗಿ ಅನುಸರಿಸುವ ಮಾನದಂಡ.

ಕೊಳವೆಬಾವಿಯೂ ಇರುವ ರೈತರಿಗೆ ಒಂದು ಅನುಕೂಲವಿದೆ. ಗಡಸು ಕೊಳವೆಬಾವಿ ನೀರಿನಲ್ಲಿರುವ ಕ್ಯಾಲ್ಸಿಯಂ, ನದಿ ನೀರಿನ ಜೇಡಿಯನ್ನು ಕೂಡಿಸಬಲ್ಲದು. ಎರಡೂ ನೀರನ್ನು 3:1, 1:1 ಮತ್ತು 1:3 ಪ್ರಮಾಣದಲ್ಲಿ ಮೂರು ಬಾಟಲಿಗಳಲ್ಲಿ ಬೆರೆಸಿ ಮೇಲಿನಂತೆ ಗಮನಿಸಿ. ಯಾವುದಾದರೂ ಮಿಶ್ರಣ ಕೆಲವು ಗಂಟೆಗಳಲ್ಲಿ ತಿಳಿಯಾದರೆ ಅದೇ ಪ್ರಮಾಣದಲ್ಲಿ ಹೊಂಡದಲ್ಲಿ ಬೆರೆಸಿ, ಸಕ್ಷನ್ ಪೈಪನ್ನು ತೇಲುವ ಡ್ರಮ್ಮಿಗೆ ಕಟ್ಟಿ ಮೇಲ್ಪದರದ ನೀರನ್ನು ಎಳೆಯಿರಿ. ಬೆರೆಸುವುದು ಹೊಂಡದಲ್ಲಿ ಆಗಬೇಕು, ಪೈಪಿನಲ್ಲಲ್ಲ. ಇದಕ್ಕೆ ಮೊದಲು ಕೊಳವೆಬಾವಿ ನೀರಿನ ಪರೀಕ್ಷೆ ಕಡ್ಡಾಯ: ಉಳಿಕೆ ಸೋಡಿಯಂ ಕಾರ್ಬೊನೇಟ್ ಲೀಟರಿಗೆ 2.5 ಮಿಲಿ ಈಕ್ವಿವಲೆಂಟ್ ಮೀರಿದ ನೀರು ನೀರಾವರಿಗೇ ತಕ್ಕುದಲ್ಲ. ಕೃಷಿ ಹೊಂಡಕ್ಕೆ ಆಲಂ ಹಾಕುವುದನ್ನು ನಾನು ಸಲಹೆ ಮಾಡುವುದಿಲ್ಲ. ಪ್ರತಿ ಬಾರಿಯೂ ಖರ್ಚು, ಪ್ರಮಾಣ ತಪ್ಪಿದರೆ ನೀರು ಹುಳಿಯಾಗುತ್ತದೆ.

ಎರೆ ಭೂಮಿಯ ಮಣ್ಣಿಗೆ ಇದೇ ಪರೀಕ್ಷೆ

ಪೈರು ಸೊರಗಿದ ತೇಪೆಯಿಂದಲೂ ಚೆನ್ನಾಗಿರುವ ಭಾಗದಿಂದಲೂ 15 ಸೆಂ.ಮೀ. ಆಳದವರೆಗಿನ ಮಣ್ಣು ತಂದು ನೆರಳಿನಲ್ಲಿ ಒಣಗಿಸಿ. ಜೋಳದ ಕಾಳಿನ ಗಾತ್ರದ ನಾಲ್ಕೈದು ಹೆಂಟೆಗಳನ್ನು ಅಗಲ ಬಾಯಿಯ ಗಾಜಿನ ಲೋಟದ ನೀರಿಗೆ ಮೆಲ್ಲನೆ ಬಿಡಿ. ನೀರು ಮಳೆಯದೋ ಶುದ್ಧ ನೀರಿನ ಘಟಕದ್ದೋ ಆಗಿರಬೇಕು. ಕೊಳವೆಬಾವಿಯ ನೀರು ಬಳಸಿದರೆ ಅದರ ಲವಣ ದೋಷವನ್ನು ಮುಚ್ಚಿಹಾಕುತ್ತದೆ. ಆಸ್ಟ್ರೇಲಿಯಾದ ವಿಜ್ಞಾನಿ ಎಮರ್ಸನ್ 1967ರಲ್ಲಿ ರೂಪಿಸಿದ ಪರೀಕ್ಷೆಯ ಸರಳ ರೂಪವಿದು.

ಹೆಂಟೆ ಪುಡಿಪುಡಿಯಾಗಿ ಕುಸಿದು ನೀರು ಮಾತ್ರ ತಿಳಿಯಾಗಿದ್ದರೆ ಅದು ಸಾವಯವ ಅಂಶದ ಕೊರತೆ. ಅಲ್ಲಿ ಜಿಪ್ಸಂಗೆ ಹಣ ಹಾಕಬೇಡಿ, ಕೊಟ್ಟಿಗೆ ಗೊಬ್ಬರ ಮತ್ತು ಹಸಿರೆಲೆ ಗೊಬ್ಬರ ಕೊಡಿ. ಹೆಂಟೆಯ ಸುತ್ತ ಹೊಗೆಯಂತೆ ಮಬ್ಬು ಎದ್ದು ಹರಡಿದರೆ ಜೇಡಿ ಚದುರುತ್ತಿದೆ, ಕರಲು ಮಣ್ಣಿನ ಲಕ್ಷಣವಿದು. ಟಾರ್ಚ್ ಬೆಳಕಿನಲ್ಲಿ ಈ ಮಬ್ಬು ಬಹಳ ಬೇಗ ಗೋಚರಿಸುತ್ತದೆ. ಮರುದಿನ ಒಂದು ಲೀಟರ್ ನೀರಿಗೆ ಎರಡೂವರೆ ಗ್ರಾಂ ಜಿಪ್ಸಂ ಕಲಕಿ, ತಿಳಿ ಬಸಿದು, ಅದರಲ್ಲಿ ಅದೇ ಮಣ್ಣಿನ ಬೇರೆ ಹೆಂಟೆಗಳನ್ನು ಬಿಟ್ಟು ನೋಡಿ. ಮಬ್ಬು ಏಳದಿದ್ದರೆ ಜಿಪ್ಸಂ ಫಲ ಕೊಡುತ್ತದೆಂದು ನಂಬಬಹುದು.

ನಾಲೆಯ ಕೊನೆಯ ಭಾಗದಲ್ಲಿ ಒಂದು ಎಚ್ಚರಿಕೆ ಅಗತ್ಯ. ಸೋಡಿಯಂನೊಂದಿಗೆ ಲವಣವೂ ಹೆಚ್ಚಿರುವ ಮಣ್ಣು ಮೊದಲ ಪರೀಕ್ಷೆಯಲ್ಲಿ ಮಬ್ಬಾಗುವುದಿಲ್ಲ, ಲವಣವೇ ಜೇಡಿಯನ್ನು ಹಿಡಿದಿಟ್ಟಿರುತ್ತದೆ. ನಾಲೆಯ ಸಿಹಿನೀರು ಆ ಲವಣವನ್ನು ತೊಳೆದೊಡನೆ ಜೇಡಿ ಚದುರಿ ರಂಧ್ರಗಳು ಮುಚ್ಚಿಹೋಗುತ್ತವೆ. ಆದ್ದರಿಂದ ನೀರು ತಿಳಿಯಾಗಿಯೇ ಉಳಿದರೆ ಅದನ್ನು ಮೆಲ್ಲನೆ ಬಸಿದು ಹೊಸ ನೀರು ಹಾಕಿ. ಹೀಗೆ ಎರಡು ಮೂರು ಬಾರಿ ಮಾಡಿ. ಮೂರನೆಯ ನೀರಿನಲ್ಲಿ ಮಬ್ಬು ಎದ್ದರೆ ಆ ಹೊಲಕ್ಕೆ ಮೊದಲು ಜಿಪ್ಸಂ, ನಂತರವೇ ನೀರು ನಿಲ್ಲಿಸಿ ತೊಳೆಯುವುದು.

ಜಿಪ್ಸಂ ಪ್ರಮಾಣವನ್ನು ಲೋಟ ನೋಡಿ ನಿರ್ಧರಿಸಲಾಗದು. ರಸಸಾರ 8.5 ಮೀರಿ, ವಿನಿಮಯ ಸೋಡಿಯಂ ಶೇ. 15 ಮೀರಿದ ಮಣ್ಣಿಗೆ ಪ್ರಯೋಗಾಲಯದ ವರದಿಯಂತೆ ಕೊಡಬೇಕು. ಲೆಕ್ಕದ ಅಂದಾಜಿಗೆ, 15 ಸೆಂ.ಮೀ. ಆಳದ ಮಣ್ಣಿನಲ್ಲಿ ಪ್ರತಿ 100 ಗ್ರಾಂಗೆ 1 ಮಿಲಿ ಈಕ್ವಿವಲೆಂಟ್ ಸೋಡಿಯಂ ತೆಗೆಯಲು ಎಕರೆಗೆ ಸುಮಾರು 7 ಕ್ವಿಂಟಾಲ್ ಶುದ್ಧ ಜಿಪ್ಸಂ ಬೇಕು. ಬಸಿಗಾಲುವೆ ಇಲ್ಲದ ಗದ್ದೆಗೆ ಜಿಪ್ಸಂ ಹಾಕಿದರೆ ಬಿಡುಗಡೆಯಾದ ಸೋಡಿಯಂ ಹೊರಹೋಗಲು ದಾರಿಯಿಲ್ಲದೆ ಅಲ್ಲಿಯೇ ಉಳಿಯುತ್ತದೆ. ಮೊದಲು ಬಸಿಗಾಲುವೆ ತೋಡಿ.

ಸಿಂಪಡಣಾ ದ್ರಾವಣಗಳು

ಶಿಲೀಂಧ್ರನಾಶಕದ ಪುಡಿಯೊಂದಿಗೆ ಲಘು ಪೋಷಕಾಂಶಗಳನ್ನು ಸೇರಿಸುವ ರೂಢಿ ಹೆಚ್ಚುತ್ತಿದೆ. ಅಲ್ಲಿಯೂ ಕಣಗಳು ಕೂಡಿ ನಾಜಲ್ ಕಟ್ಟುತ್ತದೆ, ಟ್ಯಾಂಕಿನ ಮೇಲಿನ ದ್ರಾವಣ ತೆಳುವಾಗಿ ಕೆಳಗಿನದು ಗಟ್ಟಿಯಾಗುತ್ತದೆ. ಮೊದಲು ಅದೇ ನೀರಿನಲ್ಲಿ, ಅದೇ ಪ್ರಮಾಣದಲ್ಲಿ ಒಂದು ಲೀಟರ್ ತಯಾರಿಸಿ ಅರ್ಧ ಗಂಟೆ ನೋಡಿ. ಬೋರ್ಡೋ ದ್ರಾವಣವನ್ನು ತಯಾರಿಸಿದ ದಿನವೇ ಸಿಂಪಡಿಸಬೇಕೆನ್ನುವುದಕ್ಕೂ ಕಾರಣ ಇದೇ. ಹೊಸದರಲ್ಲಿ ನುಣ್ಣನೆಯ ಲೋಳೆಯಂತಿರುವ ತಾಮ್ರದ ಕಣಗಳು ಹೊತ್ತು ಕಳೆದಂತೆ ಹರಳುಗಟ್ಟಿ ದೊಡ್ಡದಾಗಿ ಅಂಟುವ ಗುಣ ಕಳೆದುಕೊಳ್ಳುತ್ತವೆ.

ಮಾದರಿ ಕಳುಹಿಸುವ ವಿಸ್ತರಣಾ ಕಾರ್ಯಕರ್ತರಿಗೆ

ನೀರಿನ ಕದಡನ್ನು ಸಾಧ್ಯವಾದಷ್ಟು ಸ್ಥಳದಲ್ಲೇ ಅಳೆಯಿರಿ. ಬಸ್ಸಿನಲ್ಲಿ ಕುಲುಕಿ ಮರುದಿನ ಪ್ರಯೋಗಾಲಯ ಸೇರಿದ ಮಾದರಿಯಲ್ಲಿ ಕೆಲವು ಗುಚ್ಛಗಳು ಒಡೆದಿರುತ್ತವೆ, ಕೆಲವು ಹೊಸದಾಗಿ ಕೂಡಿರುತ್ತವೆ. ಆ ಅಂಕಿ ನದಿಯದಲ್ಲ, ಬಾಟಲಿಯದು. ಅಳೆಯುವ ಮುನ್ನ ಬಾಟಲಿಯನ್ನು ಮೂರು ಬಾರಿ ಮೆಲ್ಲನೆ ತಲೆಕೆಳಗು ಮಾಡಿ, ಜೋರಾಗಿ ಕುಲುಕಬೇಡಿ. ಉಪಕರಣದ ಮಿತಿ ಮೀರಿದ ಗಟ್ಟಿ ನೀರನ್ನು ತೆಳುಗೊಳಿಸುವಾಗ ಶುದ್ಧ ನೀರು ಬೆರೆಸಿದರೆ ಲವಣಾಂಶ ಇಳಿದು ಕಣಗಳು ಬಿಡಿಬಿಡಿಯಾಗಬಹುದು. ಅದೇ ನೀರನ್ನು ಸೋಸು ಕಾಗದದಲ್ಲಿ ಸೋಸಿ, ಆ ತಿಳಿಯನ್ನೇ ಬೆರೆಸಿ. ಚೀಟಿಯ ಮೇಲೆ ನೀರು ಹಿಡಿದ ಸ್ಥಳ ಮತ್ತು ದಿನಾಂಕದ ಜೊತೆಗೆ ಗಂಟೆಯನ್ನೂ, ಅದು ಫಿಲ್ಟರಿನ ಮೊದಲಿನದೋ ನಂತರದ್ದೋ ಎಂಬುದನ್ನೂ ಬರೆಯಿರಿ. ಮಣ್ಣಿನ ಮಾದರಿಯಾದರೆ ತೇಪೆಯದು ಮತ್ತು ಚೆನ್ನಾಗಿರುವ ಭಾಗದ್ದು ಎಂದು ಎರಡು ಪ್ರತ್ಯೇಕ ಚೀಲಗಳಲ್ಲಿ ಕಳುಹಿಸಿ. ಬೆರೆಸಿದ ಮಾದರಿಯಿಂದ ಜಿಪ್ಸಂ ಲೆಕ್ಕ ಹಾಕಲು ಬರುವುದಿಲ್ಲ.